ಘಾಟಿ ಹತ್ತುವ ಬುಲೆಟ್ಟಿನ ಉಷ್ಣ

ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್ಲಿಗೆ ರೇಡಿಯೇಟರೂ ಇಲ್ಲ, ಫ್ಯಾನೂ ಇಲ್ಲ. ಸಿಲಿಂಡರಿನ ಸುತ್ತ ಎದ್ದ ಫಿನ್‌ಗಳಿಗೆ ಗಾಳಿ ತಾಗಿದರಷ್ಟೇ ಇಂಜಿನ್ನಿಗೆ ತಂಪು. ಐಲ್ ಆಫ್ ಮ್ಯಾನ್‌ನಲ್ಲಿ ಓಡಿದ ಮ್ಯಾಂಕ್ಸ್ ನಾರ್ಟನ್‌ನಂಥ ರೇಸ್ ಗಾಡಿಗೆ ಗಾಳಿಯ ಬರವಿಲ್ಲ, ಅದರ ವೇಗವೇ ಅದಕ್ಕೆ ಬೀಸಣಿಗೆ. ಹಿಂದಿನ ಸೀಟಿನಲ್ಲಿ ಭಾವನನ್ನೂ ಅವರ ತೊಡೆಯ ಮೇಲೆ ಹಲಸಿನ ಹಣ್ಣನ್ನೂ ಕೂರಿಸಿಕೊಂಡು ಮುಳ್ಳಯ್ಯನಗಿರಿ ಹತ್ತುವ ಬುಲೆಟ್ಟಿಗೆ ಆ ಭಾಗ್ಯವಿಲ್ಲ. ಆಕ್ಸಿಲರೇಟರ್ ಪೂರ್ತಿ ತಿರುಗಿರುತ್ತದೆ, ವೇಗ ಮಾತ್ರ ಸೈಕಲ್ಲಿನದು.

ಬುಲೆಟ್ಟಿನ ವಂಶ ಮಾತ್ರ ದೊಡ್ಡದೇ. 1948ರಲ್ಲಿ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಆರು ದಿನಗಳ ಅಂತರರಾಷ್ಟ್ರೀಯ ಪಂದ್ಯದಲ್ಲಿ ಗೆದ್ದ ಬ್ರಿಟಿಷ್ ತಂಡದಲ್ಲಿ ಅದೂ ಇತ್ತು. 1955ರಿಂದ ಮದರಾಸಿನ ಪಾಲಾಯಿತು. 346 ಸಿಸಿ, ಒಂದೇ ಸಿಲಿಂಡರ್.

ಆ ಸಿಲಿಂಡರ್ ಬೀಡು ಕಬ್ಬಿಣದ್ದು, ಒಳಗಿನ ಪಿಸ್ಟನ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹೀಗಾಗಿ ಕಾವು ಮಿತಿಮೀರಿದರೆ ಪಿಸ್ಟನ್, ಮಾವನ ಮನೆಯ ಹಬ್ಬದೂಟ ಮುಗಿಸಿದ ಅಳಿಯನಂತೆ, ಇದ್ದಲ್ಲೇ ಕೂತುಬಿಡುತ್ತದೆ. ಇದಕ್ಕೇ ಸೀಜ್ ಆಯಿತು ಎನ್ನುವುದು. ಹೊಸದಾಗಿ ಬೋರ್ ಮಾಡಿಸಿದ ಗಾಡಿಗೆ ಈ ಭಯ ಹೆಚ್ಚು. ರನ್ನಿಂಗ್-ಇನ್ ಮುಗಿಯುವ ಮೊದಲೇ ಅದನ್ನು ಗಿರಿಗೆ ಹತ್ತಿಸುವುದು ಭಕ್ತಿಯಲ್ಲ, ಭಂಡತನ.

ಎಣ್ಣೆ ಜಾರಿಸುವುದಷ್ಟೇ ಅಲ್ಲ, ಬಿಸಿಯನ್ನೂ ಹೊತ್ತೊಯ್ಯುತ್ತದೆ. ಹಳೆಯ ರೇಸುಗಳಲ್ಲಿ ಹರಳೆಣ್ಣೆ ಬೆರೆತ ಆಯಿಲ್ ಹಾಕುತ್ತಿದ್ದರು. ಕಾವಿಗೆ ಅದು ಬೇಗ ತೆಳುವಾಗದು, ಆದರೆ ಕ್ರಮೇಣ ಒಳಗೆಲ್ಲ ಅಂಟು ಕಟ್ಟುತ್ತದೆ. ನೆತ್ತಿ ತಂಪಾಗಲೆಂದು ತಲೆಗೆ ಹರಳೆಣ್ಣೆ ತಟ್ಟುವ ಮನೆಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ತೋಟದ ಬುಲೆಟ್ಟಿಗೆ ಮಾಮೂಲಿ ಆಯಿಲ್ ಸಾಕು, ಮಟ್ಟ ನೋಡುವ ಅಭ್ಯಾಸವಿದ್ದರೆ.

ಪೆಟ್ರೋಲ್ ಕೂಡ ತಂಪು ಮಾಡುತ್ತದೆ. 1,930 ಮೀಟರ್ ಎತ್ತರದ ಗಿರಿಯಲ್ಲಿ ಗಾಳಿ ತೆಳು. ಇಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ, ಶಕ್ತಿ ಕುಗ್ಗುತ್ತದೆ. ಅಲ್ಲಿ ಕಾರ್ಬುರೇಟರನ್ನು ಬಿಗಿ ಮಾಡಿ, ಹಾಗೆಯೇ ಚಾರ್ಮಾಡಿ ಇಳಿದು ಉಜಿರೆ ಕಡೆ ಓಡಿಸಿದರೆ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಇಂಜಿನ್ ಕೆಂಡವಾಗುತ್ತದೆ. ಮೈಲೇಜಿನ ಆಸೆಗೆ ಬಿಗಿ ಮಾಡಿದವರಿಗೂ ಇದೇ ಗತಿ. ಟೈಮಿಂಗ್ ಹಿಂದೆ ಬಿದ್ದರೂ ಅಷ್ಟೇ: ಬೆಂಕಿ ತಡವಾಗಿ ಹೊತ್ತಿ, ಉರಿಯೆಲ್ಲ ಎಕ್ಸಾಸ್ಟ್ ವಾಲ್ವಿನ ಪಾಲಾಗುತ್ತದೆ.

ಮೂಡಿಗೆರೆ, ಕಳಸದ ಕಡೆ ಇನ್ನೊಂದು ತಂಟೆಯಿದೆ. ತೋಟದ ರಸ್ತೆಯ ಕೆಸರು ಫಿನ್‌ಗಳ ಸಂದಿಗೆ ಮೆತ್ತಿ, ಒಣಗಿ, ಇಂಜಿನ್ನಿಗೆ ಕಂಬಳಿ ಹೊದಿಸುತ್ತದೆ. ತೆಂಗಿನ ಕಡ್ಡಿಯಿಂದ ಒಂದೊಂದೇ ಸಂದಿ ಕೆರೆದರೆ ಇಟ್ಟಿಗೆ ಬಣ್ಣದ ಹೆಕ್ಕಳೆಗಳು ಉದುರುತ್ತವೆ. ದುಬಾರಿ ಆಯಿಲಿಗಿಂತ ಈ ಕಡ್ಡಿಯ ಉಪಕಾರವೇ ಹೆಚ್ಚು.

ಇಷ್ಟಾದ ಮೇಲೂ ಬಿಸಿಯೇರಿ ಟಪಟಪ ಸದ್ದು ಕೇಳಿದರೆ, ಗಾಡಿ ನಿಲ್ಲಿಸಿ ಅರ್ಧ ಗಂಟೆ ಬಿಡಬೇಕು. ಕೊಟ್ಟಿಗೆಹಾರದಲ್ಲಿ ಹಾಗಾದರೆ ನೀರುದೋಸೆ ತಿನ್ನಲು ಅದಕ್ಕಿಂತ ಒಳ್ಳೆಯ ನೆಪವಿಲ್ಲ. ಕಾದ ಬೀಡಿನ ಮೇಲೆ ತಣ್ಣೀರು ಮಾತ್ರ ಸುರಿಯಬಾರದು, ಬಿರುಕು ಬಿಟ್ಟೀತು. ಇಳಿಯುವಾಗ ಗೇರಿನಲ್ಲೇ ಇಳಿಸಬೇಕು. ಇಲ್ಲವಾದರೆ ಇಂಜಿನ್ ತಣ್ಣಗಾದರೂ ಬ್ರೇಕ್ ಡ್ರಮ್ ಕಾಯುತ್ತದೆ.