ತೋಟದಪ್ಪನವರ ಪಠ್ಯಕ್ರಮ

ಕನಕಪುರ ರಸ್ತೆಯಿಂದ ಒಳಕ್ಕೆ ತಿರುಗಿ, ಡಾಂಬರು ಮುಗಿದಲ್ಲಿ ಸಿಗುವ ಎರಡೆಕರೆಯ ಒಡೆಯರನ್ನು ತೋಟದಪ್ಪ ಎನ್ನೋಣ. ಗುಬ್ಬಿ ತೋಟದಪ್ಪನವರಿಗೂ ಇವರಿಗೂ ಸಂಬಂಧವಿಲ್ಲ. ಅವರು ಪರವೂರಿನವರಿಗೆ ಛತ್ರ ಕಟ್ಟಿಸಿದರು, ಇವರು ಸ್ವಂತ ಮಗನನ್ನು ಸ್ಕೂಲು ಬಿಡಿಸಿದರು. ಹಗಲು ಕಂಪನಿ ಮೀಟಿಂಗು, ಸಂಜೆ ಜೀವಾಮೃತ. ಇವರ ಪ್ರಕಾರ ಇಡೀ ಜಿಲ್ಲೆಯೇ ತರಗತಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಅರ್ಥಶಾಸ್ತ್ರ, ರಾಮದೇವರ ಬೆಟ್ಟದ ರಣಹದ್ದು ಜೀವವಿಜ್ಞಾನ, ಅಲ್ಲಿಯದೇ ‘ಶೋಲೆ’ ಬಂಡೆ ಲಲಿತಕಲೆ. ಚನ್ನಪಟ್ಟಣದ ಅರಗಿನ ಬೊಂಬೆ ಕರಕುಶಲ, ಮಾಗಡಿಯ ಕೆಂಪೇಗೌಡ ಇತಿಹಾಸ, ಕನಕಪುರದ ಗ್ರಾನೈಟು ಭೂವಿಜ್ಞಾನ. ವರ್ಗಸಮೀಕರಣ ಮಾತ್ರ ಜಿಲ್ಲೆಯಲ್ಲಿ ಎಲ್ಲೂ ಬೆಳೆಯುವುದಿಲ್ಲ. ಅದನ್ನು ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಅವರ ಶ್ರೀಮತಿ ಹೇಳಿಕೊಡುತ್ತಾರೆ. ತತ್ತ್ವ ಗಂಡನದು, ತ್ರಿಕೋನಮಿತಿ ಹೆಂಡತಿಯದು.

ನಗು ಬಂದರೂ ಅವರ ವಾದ ಪೂರ್ತಿ ಜೊಳ್ಳಲ್ಲ. ಶಾಲೆಗೆ ಹೋದವರು ಕಲಿತು ಕಡಿದು ಹಾಕಿದ್ದೇನು ಎಂದು ಅವರು ಕೇಳಿದರೆ ಉತ್ತರ ಕಷ್ಟ. 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, 2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ಕೂಡಲೇ, ಕೃಪಾಂಕವನ್ನು ಧಾರಾಳವಾಗಿ ಸುರಿದರೂ 73.40ಕ್ಕೆ ಕುಸಿಯಿತು. ಈ ಅಂಕಿಗಳನ್ನು ತೋಟದಪ್ಪನವರು ಬಾಯಿಪಾಠ ಒಪ್ಪಿಸುತ್ತಾರೆ (ಬಾಯಿಪಾಠಕ್ಕೆ ಅವರ ವಿರೋಧವಿದೆ). ಆದರೆ ಈ ಸಾಕ್ಷಿ ಅವರ ಕಡೆಯದಲ್ಲ. ಶಾಲೆಯ ಬಂಡವಾಳ ಬಯಲಾದದ್ದು ಪಾಠ ಹೇಳಿದವರಲ್ಲದ ಇನ್ನೊಂದು ಕಣ್ಣು ಅಲ್ಲಿ ಕೂತಿದ್ದರಿಂದ. ತೋಟದಲ್ಲಿ ಪಾಠ ಹೇಳುವವರು, ಪ್ರಶ್ನೆ ಕೇಳುವವರು, ಅಂಕ ಹಾಕುವವರು, ಕೊನೆಗೆ ಹೆಮ್ಮೆಪಡುವವರು ಎಲ್ಲರೂ ಮನೆಯವರೇ. ಚನ್ನಪಟ್ಟಣದ ಕುಶಲಕರ್ಮಿಯೂ ಮಗನಿಗೆ ಮನೆಯಲ್ಲೇ ಕಲಿಸಿದವನು, ನಿಜ. ಆದರೆ ಬುಗುರಿ ನೆಟ್ಟಗೆ ತಿರುಗದಿದ್ದರೆ ಅಪ್ಪನ ಮಮತೆಯಿಂದ ಅದು ತಿರುಗುವುದಿಲ್ಲ. ಗಿರಾಕಿ ಪಕ್ಕದ ಅಂಗಡಿಗೆ ನಡೆಯುತ್ತಾನೆ. ಗೂಡಿನ ಹರಾಜಿನಲ್ಲೂ ಅಷ್ಟೆ: ರೈತ ತನ್ನ ಗೂಡನ್ನು ಚಿನ್ನವೆಂದರೂ ಬೆಲೆ ಕಟ್ಟುವವನು ನೂಲು ಬಿಚ್ಚುವ ರೀಲರ್. ತೋಟದಪ್ಪನವರ ಮಗ ಆ ಮಾರುಕಟ್ಟೆಗೆ ಬರುವುದು ಫೋಟೊ ತೆಗೆಯಲು.

ರವೀಂದ್ರನಾಥ ಟಾಗೋರರು ಶಾಲೆಗೆ ಹೋಗಿ ಕಲಿತರೇ ಎಂಬುದು ತೋಟದಪ್ಪನವರ ಬತ್ತಳಿಕೆಯ ಮುಂದಿನ ಬಾಣ. ಶಾಲೆ ಟಾಗೋರರಿಗೆ ಒಗ್ಗಲಿಲ್ಲ, ಸರಿ. ಆದರೆ 1901ರಲ್ಲಿ ಶಾಂತಿನಿಕೇತನದಲ್ಲಿ ಅವರು ತೆರೆದದ್ದು ಶಾಲೆಯನ್ನೇ. ಇನ್ನು ಕೈಕೆಲಸವೇ ನಿಜವಾದ ವಿದ್ಯೆ ಎಂಬ ಮಾತು. ಇದೇ ರಾಮನಗರ, ಮಾಗಡಿಯ ರೇಷ್ಮೆ ಘಟಕಗಳಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 1996ರಲ್ಲಿ, ಮತ್ತೆ 2003ರಲ್ಲಿ ಬರೆಯಿತು. ಆ ಮಕ್ಕಳ ಕೈಗೂ ಕೆಲಸ ಚೆನ್ನಾಗಿಯೇ ಹತ್ತಿತ್ತು. ಇಲ್ಲದ್ದು ಬೇರೆ ದಾರಿ. ಬೇಡವೆನಿಸಿದ ದಿನ ಇಂಟರ್‌ನ್ಯಾಷನಲ್ ಸ್ಕೂಲಿಗೆ ಫೀಸು ಕಟ್ಟಬಲ್ಲವರ ಮಗ ಸಗಣಿ ಬಾಚುವುದನ್ನೂ ಆ ಮಕ್ಕಳ ದುಡಿಮೆಯನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಹುಡುಗ ಜನರ ಜೊತೆ ಬೆರೆಯುವುದು ಹೇಗೆ ಎಂದು ಕೇಳಿದರೆ, ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಇಂಥವೇ ಮನೆಗಳ ಮಕ್ಕಳ ಭೇಟಿಯಿದೆ. ಪಕ್ಕದ ಹೊಲದವರ ಹುಡುಗ ಸರ್ಕಾರಿ ಪ್ರೌಢಶಾಲೆಗೆ ಸೈಕಲ್ಲು ತುಳಿಯುತ್ತಾನೆ. ಅವನೊಡನೆ ಜಗಳವಾಡುವಷ್ಟೂ ಕನ್ನಡ ಈ ಹುಡುಗನಿಗೆ ಬರುವುದಿಲ್ಲ.

ಮನೆಯಲ್ಲೇ ಓದಿ ಶಾಲೆಯವರನ್ನು ಮೀರಿಸಿದ ಮಕ್ಕಳೂ ಇದ್ದಾರೆ, ಆದರೆ ಅದು ಗೊತ್ತಾದದ್ದು ಹೊರಗಿನವರು ಒರೆ ಹಚ್ಚಿದಾಗ. 2009ರ ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ತುಂಬಿದವರ ತಂಟೆಗೆ ಹೋಗುವುದಿಲ್ಲ. ಅದೇ ಹದಿನಾಲ್ಕಕ್ಕೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಹತ್ತನೇ ತರಗತಿಗೆ ಸೇರಿಸಿಕೊಳ್ಳುತ್ತದೆ: ಐದು ವಿಷಯ, ಐದು ವರ್ಷದಲ್ಲಿ ಒಂಬತ್ತು ಅವಕಾಶ. ಪರೀಕ್ಷೆಯನ್ನು ಬೈಯುತ್ತಲೇ ತೋಟದಪ್ಪನವರು ಆ ಅರ್ಜಿಯನ್ನು ಗುಟ್ಟಾಗಿ ತುಂಬಿರುತ್ತಾರೆ, ಗಣಿತ ಬಿಟ್ಟು ಚಿತ್ರಕಲೆಗೆ ಗುರುತು ಹಾಕಿರುತ್ತಾರೆ. ತುಂಬಲಿ, ತಪ್ಪೇನಿಲ್ಲ. ಆದರೆ ಆ ಐದರಲ್ಲಿ ಗಣಿತವೂ ಕನ್ನಡವೂ ಇರಲಿ, ಮತ್ತು ವಿಷಯಗಳಿಗೆ ಗುರುತು ಹಾಕುವ ಕೆಲಸವನ್ನು ಅವರ ಶ್ರೀಮತಿಗೆ ಬಿಡಲಿ.