ಹಲಸಿನ ಹಪ್ಪಳಕ್ಕೆ ಕ್ಯಾಸಿನೊ ನಂಟು

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳದ ಉದ್ಯಮವಿದೆ. ಸೊಳೆ ಬೇಯಿಸುವುದು, ರುಬ್ಬುವುದು, ಒತ್ತುವುದು, ಒಣಗಿಸುವುದು, ಕಾಗೆ ಓಡಿಸುವುದು ಹೆಂಡತಿಯ ವಿಭಾಗ. ವೆಬ್‌ಸೈಟ್ ಮಾತ್ರ ನನ್ನದು. ಗೂಗಲ್‌ನಲ್ಲಿ ನಾವು ಎಷ್ಟನೆಯವರು ಎಂದು ಬೆಳಿಗ್ಗೆ ಎದ್ದು ನೋಡುವುದು, ನಿಟ್ಟುಸಿರು ಬಿಡುವುದು, ಕಾಫಿ ಕೇಳುವುದು: ಇಷ್ಟು ನನ್ನ ದುಡಿಮೆ.

ಮೊದಲ ಪುಟದಲ್ಲಿದ್ದ ನಾವು ಒಂದು ದಿನ ಎರಡನೆಯ ಪುಟಕ್ಕೆ ಜಾರಿದ್ದೆವು. ಕಾರಣ ಹುಡುಕುತ್ತಾ ಗೂಗಲ್‌ನ ಸರ್ಚ್ ಕನ್ಸೋಲ್ ಹೊಕ್ಕು, ಯಾರ್‍ಯಾರು ನಮಗೆ ಲಿಂಕ್ ಕೊಟ್ಟಿದ್ದಾರೆ ಎಂಬ ಪಟ್ಟಿ ತೆರೆದೆ. ಎದೆ ಧಸಕ್ಕೆಂದಿತು. ಆನ್‌ಲೈನ್ ಕ್ಯಾಸಿನೊ, ತೂಕ ಇಳಿಸುವ ಮಾತ್ರೆ, ನಕಲಿ ಕೈಗಡಿಯಾರ, ರಷ್ಯನ್ ಲಿಪಿಯಲ್ಲಿ ಇನ್ನೇನೇನೋ. ಲೋಕದ ಪೋಲಿಗಳೆಲ್ಲ ನಮ್ಮ ಹಪ್ಪಳದ ಕಡೆಗೇ ಬೆರಳು ತೋರಿಸುತ್ತಿದ್ದರು.

"ಯಾರೋ ಮಾಟ ಮಾಡಿಸಿದ್ದಾರೆ ಕಣೇ, ನಮ್ಮ ಸ್ಪರ್ಧಿಗಳದ್ದೇ ಕೆಲಸ" ಎಂದೆ.

"ನಮಗೆ ಸ್ಪರ್ಧೆ ಅಂತಿರೋದು ಮೇಲಿನ ಕೇರಿ ಅಕ್ಕ ಒಬ್ಬರೇ. ಅವರ ಹತ್ತಿರ ಇರೋದು ಬಟನ್ ಫೋನು ಕಣ್ರೀ" ಎಂದಳು.

ನನ್ನ ಭಯಕ್ಕೆ ಅರೆಬರೆ ಓದಿನ ಬೆಂಬಲವೂ ಇತ್ತು. ಲಿಂಕುಗಳನ್ನು ಮತಗಳಂತೆ ತೂಗಿ ನೋಡುವ ಪೇಜ್‌ರ್‍ಯಾಂಕ್ ಲೆಕ್ಕವನ್ನು ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಲೋಕಕ್ಕೆ ಹೇಳಿದರು. ಮತ ಅಂದಮೇಲೆ ಮತ ಖರೀದಿ ತಪ್ಪುತ್ತದೆಯೇ? ಲಿಂಕಿನ ಸಂತೆಯೇ ನೆರೆಯಿತು. 2012ರ ಏಪ್ರಿಲ್‌ನಲ್ಲಿ ಗೂಗಲ್ 'ಪೆಂಗ್ವಿನ್' ಎಂಬ ಹೊಸ ಏರ್ಪಾಟು ತಂದು, ಖರೀದಿಗಾರರ ಸೈಟುಗಳನ್ನು ಕೆಳಕ್ಕೆ ತಳ್ಳಿತು. ಅದೇ ಅಕ್ಟೋಬರ್‌ನಲ್ಲಿ, 'ಈ ಲಿಂಕಿಗೂ ನನಗೂ ಸಂಬಂಧವಿಲ್ಲ' ಎಂದು ಬರೆದುಕೊಡಲು 'ಡಿಸ್‌ಅವೋ' ಎಂಬ ಸಲಕರಣೆಯನ್ನೂ ಕೊಟ್ಟಿತು. ನನ್ನ ಓದು ಅಲ್ಲಿಗೇ ನಿಂತಿತ್ತು.

ಶಾಸ್ತ್ರಪ್ರಕಾರ ಸಾಮದಿಂದ ಆರಂಭಿಸಿದೆ. "ಮಾನ್ಯರೇ, ನಮ್ಮದು ಗೃಹಸ್ಥರ ಹಪ್ಪಳ, ತಮ್ಮ ಜೂಜಿನ ಪುಟದಿಂದ ದಯವಿಟ್ಟು ನಮ್ಮನ್ನು ಕೈಬಿಡಿ" ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಇಮೇಲ್ ಕಳಿಸಿದೆ. ಹೆಚ್ಚಿನವು ವಿಳಾಸ ಸಿಗದೆ ವಾಪಸಾದವು. ಒಬ್ಬ ಮಾತ್ರ ಸಜ್ಜನ, ಕೂಡಲೇ ಉತ್ತರಿಸಿದ: ತೆಗೆಯಲು 50 ಡಾಲರ್.

ಅಷ್ಟು ದಾನಕ್ಕೆ ಕೈ ಬರಲಿಲ್ಲ. ಬದಲಿಗೆ ಲಿಂಕುಗಳ ವಿಷ ಅಳೆದು ಹೇಳುವ ತಂತ್ರಾಂಶಕ್ಕೆ ಚಂದಾ ಕಟ್ಟಿದೆ. ಅದು ಪರದೆಯನ್ನೇ ಕೆಂಪು ಮಾಡಿ ತೋರಿಸಿತು. ನಮ್ಮ ಹಪ್ಪಳ ತಿಂದು ಹೊಗಳಿ ಬರೆದಿದ್ದ ಅಡುಗೆ ಬ್ಲಾಗಿನ ತಾಯಿಯೂ ಅದರ ಪ್ರಕಾರ ವಿಷಕನ್ಯೆ. ಅಷ್ಟರಲ್ಲಿ ತಜ್ಞನೊಬ್ಬ ಫೋನಿನಲ್ಲಿ ಸಿಕ್ಕಿದ. ಹಳೆಯ ಲಿಂಕುಗಳನ್ನೆಲ್ಲ ತೊಳೆದುಕೊಡುತ್ತೇನೆ ಎಂದವನು ಅದೇ ಉಸಿರಿನಲ್ಲಿ, ಹೊಸ ಲಿಂಕು ಬೇಕಿದ್ದರೆ ಸಾವಿರದ ಲೆಕ್ಕದಲ್ಲಿ ಅಗ್ಗಕ್ಕೆ ಹಾಕಿಸಿಕೊಡುತ್ತೇನೆ ಎಂದ. ಭೇದೋಪಾಯವೂ ಹೀಗೆ ಮುಗಿಯಿತು.

ಉಳಿದದ್ದು ದಂಡ. ಡಿಸ್‌ಅವೋ ಕಡತದಲ್ಲಿ ಒಂದು ಲಕ್ಷ ಸಾಲುಗಳವರೆಗೆ ಬರೆಯಬಹುದು ಎಂದು ಓದಿ ಮಹಾಕಾವ್ಯದ ಹುಮ್ಮಸ್ಸು ಬಂತು. ಆದರೆ ಜೊಳ್ಳು, ಕಾಳು ಬೇರ್ಪಡಿಸುವಷ್ಟು ತಾಳ್ಮೆ ಬರಲಿಲ್ಲ. ಸರ್ಚ್ ಕನ್ಸೋಲ್ ಕೊಟ್ಟ ಪಟ್ಟಿಯನ್ನು ಇಡಿಯಾಗಿ ಇಳಿಸಿ, ಪ್ರತಿ ಹೆಸರಿನ ಹಿಂದೆ 'ಡೊಮೈನ್' ಎಂದು ಸೇರಿಸಿ, ಏರಿಸಿಬಿಟ್ಟೆ. ಕ್ಯಾಸಿನೊದವನ ಜೊತೆಗೆ ಅಡುಗೆ ಬ್ಲಾಗು, ಜಿಲ್ಲೆಯ ಪತ್ರಿಕೆ, ಮಹಿಳಾ ಸಂಘ ಎಲ್ಲರಿಗೂ ಬಹಿಷ್ಕಾರ. ಕೆಲವು ವಾರಗಳಲ್ಲಿ ನಾವು ನಾಲ್ಕನೆಯ ಪುಟದಲ್ಲಿದ್ದೆವು. ಅಲ್ಲಿಗೆ ಗಿರಾಕಿಗಳು ಬರುವುದಿಲ್ಲ. ನನ್ನಂಥ ಮಾಲೀಕರು ಮಾತ್ರ ಬರುತ್ತಾರೆ.

ಹಬ್ಬಕ್ಕೆ ಬಂದ ಸೋದರಳಿಯ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವನು. ಕಡತ ನೋಡಿ ಕೇಳಿದ:

"ಮಾವ, ಗೂಗಲ್‌ನಿಂದ ಮ್ಯಾನ್ಯುಯಲ್ ಆಕ್ಷನ್ ಅಂತ ನೋಟಿಸ್ ಬಂದಿತ್ತಾ?"

"ಇಲ್ಲ."

"ದುಡ್ಡು ಕೊಟ್ಟು ಲಿಂಕ್ ಹಾಕಿಸಿದ್ರಾ?"

"ಛೇ, ಛೇ."

"ಮತ್ತೆ ಇದನ್ನ ಯಾಕೆ ಮುಟ್ಟಿದ್ರಿ?"

2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಇಡೀ ಸೈಟನ್ನು ಶಿಕ್ಷಿಸುವುದು ಬಿಟ್ಟು ಕೆಟ್ಟ ಲಿಂಕುಗಳ ಬೆಲೆಯನ್ನಷ್ಟೇ ಕಳೆಯುತ್ತದಂತೆ. 2022ರ ಡಿಸೆಂಬರ್‌ನಲ್ಲಿ 'ಸ್ಪ್ಯಾಮ್‌ಬ್ರೇನ್' ಎಂಬ ಕೃತಕ ಬುದ್ಧಿಮತ್ತೆಯನ್ನೂ ಈ ಕೆಲಸಕ್ಕೆ ಹಚ್ಚಿದ್ದಾರಂತೆ. "ಕ್ಯಾಸಿನೊದವರನ್ನ ಗೂಗಲ್ ಲೆಕ್ಕಕ್ಕೇ ಇಟ್ಟಿರಲಿಲ್ಲ. ಲೆಕ್ಕಕ್ಕಿದ್ದವರನ್ನ ನೀವು ತೆಗೆಸಿದ್ರಿ. ಇರಲಿ, ಮುಖಪುಟದಲ್ಲಿ 'ಹಪ್ಪಳ ಖಾಲಿ' ಅಂತ ಯಾಕಿದೆ?"

ಕಳೆದ ಮಳೆಗಾಲದಲ್ಲಿ ಹಾಕಿದ್ದು, ತೆಗೆಯಲು ಮರೆತಿದ್ದೆ. ಒಳಗಿನಿಂದ ಬಂದ ನಗು ಹೆಂಡತಿಯದು. ಅಷ್ಟರಲ್ಲಿ ಆಕೆ ಆ ವರ್ಷದ ಹಪ್ಪಳವನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಮಾರಿ ಮುಗಿಸಿದ್ದರಿಂದ, ಬೋರ್ಡು ಕೊನೆಗೂ ನಿಜವಾಗಿತ್ತು.

ಸೈಟ್ ಇಟ್ಟುಕೊಂಡ ಮಿತ್ರರಲ್ಲಿ ಒಂದೇ ವಿನಂತಿ. ನೋಟಿಸ್ ಬಂದಿಲ್ಲ, ಲಿಂಕ್ ಖರೀದಿಸಿಲ್ಲ ಎಂದಾದರೆ ಪೋಲಿಗಳನ್ನು ಅವರ ಪಾಡಿಗೆ ಬಿಡಿ. ಹೆಚ್ಚಿನ ಸೈಟುಗಳಿಗೆ ಡಿಸ್‌ಅವೋ ಬೇಕಾಗುವುದಿಲ್ಲ ಎಂದು ಗೂಗಲ್ ತಾನೇ ಬರೆದಿದೆ. ಬಿಂಗ್ 2023ರಲ್ಲಿ ತನ್ನ ಸಲಕರಣೆಯನ್ನು ಮುಚ್ಚಿಯೇಬಿಟ್ಟಿತು. ಗೂಗಲ್‌ನದು ಇನ್ನೂ ತೆರೆದಿದೆ. ನನ್ನಂಥವರು ಅದರಿಂದ ದೂರವಿದ್ದರೆ ಸಾಕು.