ಮೇಲ್ ಸಿಕ್ತೇನ್ರೀ?

ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿ ಹಿಡಿದು ಸುಮಾರು 50 ಕಿಲೋಮೀಟರ್ ಹೋದರೆ ರಾಂಜಣಗಾಂವ. ಇಲ್ಲಿಗೆ ಕೆಲವರು ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯನ್ನು ಕಾಣಲು ಬರುತ್ತಾರೆ, ಕೆಲವರು ಎಂಐಡಿಸಿ ಕೈಗಾರಿಕಾ ಪ್ರದೇಶದ ಪರ್ಚೇಸ್ ಮ್ಯಾನೇಜರನ್ನು. ದರ್ಶನ ಸಲೀಸಾಗಿ ಸಿಗುವುದು ಗಣಪತಿಯದು.

ಎರಡನೆಯ ಸರತಿಯಲ್ಲಿ ಹುಬ್ಬಳ್ಳಿ ಕಡೆಯ ಸಾವ್ಕಾರರೊಬ್ಬರು ಇದ್ದೇ ಇರುತ್ತಾರೆ. ಫ್ರಿಜ್ಜಿಗೆ ರಟ್ಟಿನ ಡಬ್ಬಿ, ಟಿವಿಗೆ ಥರ್ಮಾಕೋಲ್ ಒದಗಿಸುವ ವ್ಯಾಪಾರ. ಕೊಟೇಶನ್ ಕಳಿಸಿದ ಬೆನ್ನಿಗೇ ಫೋನು:

“ಮೇಲ್ ಒಗದೀನ್ರೀ, ಸಿಕ್ತೇನ್ರೀ?”

“ನಾಹೀ ಆಲಾ, ಸಾಹೇಬ್.”

“ಸ್ಪ್ಯಾಮ್‌ನ್ಯಾಗ ನೋಡ್ರೆಲ್ಲಾ!”

ಅಲ್ಲೇ ಇರುತ್ತದೆ, ಲಾಟರಿ ಹೊಡೆದ ಸುದ್ದಿಗೂ ಕೂದಲೆಣ್ಣೆಗೂ ನಡುವೆ.

ತಪ್ಪೆಲ್ಲ ಒಕ್ಕಣೆಯದೆಂದು ಸಾವ್ಕಾರರ ನಂಬಿಕೆ. ‘ಡಿಯರ್ ಸರ್’ ಹೋಗಿ ‘ರೆಸ್ಪೆಕ್ಟೆಡ್ ಸರ್’ ಬಂತು. ವಿಷಯದ ಸಾಲಿನಲ್ಲಿ ‘ಅರ್ಜೆಂಟ್’ ಮೂರು ಸಲ ಕೂಗಿತು. ಆದರೆ ಬಾಗಿಲಲ್ಲಿ ನಿಂತ ಯಂತ್ರ ಮೊದಲು ವಿಚಾರಿಸುವುದು ವಿನಯವನ್ನಲ್ಲ, ಕುಲಗೋತ್ರವನ್ನು. ಈ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರಿಗೆ ಅಪ್ಪಣೆ ಇದೆ ಎಂದು ಹೇಳುವುದು ಎಸ್‌ಪಿಎಫ್. ದಾರಿಯಲ್ಲಿ ಯಾರೂ ತಿದ್ದಿಲ್ಲವೆಂಬ ಮೊಹರು ಡಿಕಿಮ್. ಇವೆರಡೂ ತಾಳೆಯಾಗದಿದ್ದರೆ ಒಳಗೆ ಬಿಡಬೇಕೋ, ಅಟ್ಟಬೇಕೋ ಎಂದು ತಿಳಿಸುವುದು ಡಿಮಾರ್ಕ್. ಹೊರಡುವ ಮುನ್ನ ಸಲ್ಲಿಸಬೇಕಾದದ್ದನ್ನು ಸಲ್ಲಿಸಲೇಬೇಕು: ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಟ ಶಿವನೇ ಮೊದಲು ಗಣಪತಿಯನ್ನು ಪೂಜಿಸಬೇಕಾಯಿತೆಂದು ಈ ಊರಿನ ಸ್ಥಳಪುರಾಣ. ಸಾವ್ಕಾರರು ಪ್ರತಿ ಚತುರ್ಥಿಗೂ ಅದನ್ನು ಕೈಮುಗಿದು ಕೇಳಿದ್ದಾರೆ. ಡೊಮೇನ್ ಕೊಂಡುಕೊಟ್ಟ ಸೋದರಳಿಯ ಕೇಳಿರಲಿಲ್ಲ. ಡೊಮೇನಿನ ಆ ಮೂರೂ ದಾಖಲೆ ಖಾಲಿ ಬಿಟ್ಟಿದ್ದ.

ಅದಾದರೂ ಸರಿಪಡಿಸಬಹುದಾದ ರೋಗ. ಅಸಲಿ ರೋಗ ಹಬ್ಬದ ಶುಭಾಶಯ. ಯಾವುದೋ ಕಾಲದ ಪ್ರದರ್ಶನವೊಂದರಲ್ಲಿ ರೊಕ್ಕ ಕೊಟ್ಟು ತಂದ ವಿಳಾಸಪಟ್ಟಿ ಅವರ ಬಳಿ ಇದೆ. ಅದರಲ್ಲಿ ನೌಕರಿ ಬಿಟ್ಟವರಿದ್ದಾರೆ, ನಿವೃತ್ತರಾದವರಿದ್ದಾರೆ, ಮುಚ್ಚಿಹೋದ ಕಂಪನಿಗಳಿವೆ. ಯುಗಾದಿ, ಗುಡಿಪಾಡವಾ, ದೀಪಾವಳಿ, ಕೊನೆಗೆ ಇಂಜಿನಿಯರುಗಳ ದಿನಕ್ಕೂ ಎಲ್ಲರಿಗೂ ಭಾರೀ ಚಿತ್ರವೊಂದು ಹೊರಡುತ್ತದೆ. ಸತ್ತ ವಿಳಾಸಗಳಿಂದ ಅದು ಪುಟಿದು ವಾಪಸಾಗುತ್ತದೆ, ಬದುಕಿದ್ದವರು ಬೇಸತ್ತು ‘ಸ್ಪ್ಯಾಮ್’ ಒತ್ತುತ್ತಾರೆ. ಜಿಮೇಲಿಗೆ ದಿನಕ್ಕೆ 5,000 ಮೇಲ್ ಕಳಿಸುವ ದೊಡ್ಡ ಕುಳಗಳಿಗೆ ಗೂಗಲ್ 2024ರ ಫೆಬ್ರವರಿಯಿಂದ ಕಟ್ಟುನಿಟ್ಟು ಮಾಡಿದೆ. ಕಳಿಸುವವರು ಯಾರೇ ಆಗಲಿ, ‘ಸ್ಪ್ಯಾಮ್’ ಒತ್ತುವವರ ಪ್ರಮಾಣ ಶೇಕಡಾ 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂವರು. ಸಾವ್ಕಾರರ ಬಳಗದಲ್ಲಿ ಸ್ವಂತ ಷಡ್ಡಕನೇ ಒತ್ತಿದ್ದಾನೆ. ಶುಭಾಶಯ ಕೆಡಿಸಿದ ಹೆಸರು ಕೊಟೇಶನ್ನಿಗೂ ಅಂಟುತ್ತದೆ ಎಂದರೆ ಅವರು ಒಪ್ಪುವುದಿಲ್ಲ: “ಹಬ್ಬಕ್ಕ ಛಲೋ ಆಗ್ಲಿ ಅನ್ನೂದೂ ತಪ್ಪೇನ್ರೀ?”

ಕಡೆಗೊಮ್ಮೆ ಪುಣೆಯ ಹುಡುಗನೊಬ್ಬ ಆ ಮೂರು ದಾಖಲೆ ತುಂಬಿ, ಪಟ್ಟಿಯನ್ನು ಸೋಸಿ, ಮೇಲಿನ ಬುಡದಲ್ಲಿ ಒಂದೇ ಒತ್ತಿಗೆ ಬಿಡುಗಡೆ ಕೊಡುವ ‘ಅನ್‌ಸಬ್‌ಸ್ಕ್ರೈಬ್’ ಗುಂಡಿ ಕೂರಿಸಿಕೊಟ್ಟ. ಮುಂದಿನ ಹಬ್ಬಕ್ಕೆ ಪರ್ಚೇಸ್ ಮ್ಯಾನೇಜರು ಎಲ್ಲರಿಗಿಂತ ಮೊದಲು ಅದನ್ನೇ ಒತ್ತಿದರು. ಸುದ್ದಿ ತಿಳಿದ ಸಾವ್ಕಾರರು ಹಿಗ್ಗಿ ಫೋನು ಹಚ್ಚಿದರು:

“ಸಾಹೇಬ್ರ, ಬ್ಯಾಡ ಅಂತ ಒತ್ತೀರಂತಲ್ರೀ! ಹಂಗಾರ ಮೇಲ್ ಸಿಕ್ಕೇತಿ ಅಂದಂಗಾತು?”